ಮೇಲ್ಮನೆ ಅಜ್ಜಿ ಕೇಳಿದ ಮೆಯಿ

ನಾನು ಚಿಕ್ಕವನಿದ್ದಾಗ ಒಂದು ಹೊಸ ಮಾತಿನ ಬೆಲೆ ಆರು ಮೆಟ್ಟಿಲ ಹಿಮ. ಅಷ್ಟನ್ನು ಗೋರಿ ಹಾಕಿದರೆ ಮೇಲ್ಮನೆ ಅಜ್ಜಿ ಒಂದು ಮಾತು ಕಲಿಸುತ್ತಿದ್ದರು. ಇದು ಎರಡು ಸಾವಿರದ ಹದಿನೇಳರ ಸಂಗತಿ, ಮಕ್ಕಳೇ; ನಿಮ್ಮ ಈ ಅಜ್ಜ ಆಗ ಒಂಬತ್ತು ವರ್ಷದ ಹುಡುಗ. ಧಾರವಾಡದಿಂದ ಪರದೇಶಕ್ಕೆ ಬಂದ ನಾವು ಎಟೋಬಿಕೋಕ್‌ನಲ್ಲಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಅಜ್ಜಿ ಪೆಸಿಫಿಕ್ ಸಾಗರದ ಮಾರ್ಕೆಸಾಸ್ ದ್ವೀಪಗಳವರು. ಅವರ ಭಾಷೆಯಲ್ಲಿ ಕೋಳಿಗೆ ಮೋವ, ಮೀನಿಗೆ ಇಕ, ಹಂದಿಗೆ ಪುವಾಕ. ನಾನು ಮೊದಲು ಕೊಂಡದ್ದು ಹಂದಿಯನ್ನೇ. ಅಮ್ಮನ ಎದುರೇ ಅಕ್ಕನನ್ನು ಪುವಾಕ ಎಂದು ಕರೆದರೂ ಪೆಟ್ಟು ಬೀಳುತ್ತಿರಲಿಲ್ಲ. ಲಾಭದ ವ್ಯಾಪಾರ.

ಮಾರ್ಚಿನಲ್ಲಿ ಅಜ್ಜಿಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಇಂಗ್ಲಿಷು ಹೋಗಿ ದ್ವೀಪದ ಮಾತಷ್ಟೇ ಉಳಿದಿತ್ತು. ಬರ್ಲಿಂಗ್ಟನ್‌ನಲ್ಲಿದ್ದ ಅವರ ಮಗನಿಗೆ ಆ ಭಾಷೆ ಬಾರದು. ಅವನು ತಂದಿಟ್ಟ ಸೂಪನ್ನು ಅಜ್ಜಿ ದೂಡಿಬಿಡುತ್ತಿದ್ದರು. ಹೀಗೇ ಉಣ್ಣದಿದ್ದರೆ ಸೋಮವಾರ ವೃದ್ಧಾಶ್ರಮಕ್ಕೆ ಸೇರಿಸುವುದೇ ಎಂದು ಶನಿವಾರ ಬೆಳಿಗ್ಗೆ ಅವನು ನಮ್ಮ ಅಪ್ಪನಿಗೆ ಹೇಳಿದ. ಹಾಸಿಗೆಯ ಬಳಿ ನಿಂತಿದ್ದ ನನ್ನ ಕೈ ಹಿಡಿದು ಅಜ್ಜಿ "ಮೆಯಿ, ಮೆಯಿ" ಎಂದರು. ಅದು ನಾನು ಕಲಿತಿದ್ದ ಮಾತು. ಹಿಂದೆ ಅಜ್ಜಿ ಚಿತ್ರ ಬರೆದು ತೋರಿಸಿದ್ದರು: ಹಸಿರು, ದುಂಡಗೆ, ಮೈಯೆಲ್ಲ ಒರಟು, ಮರದಲ್ಲಿ ಬಿಡುವ ಕಾಯಿ, ದ್ವೀಪದವರ ದಿನದ ಊಟ.

"ಹಲಸಿನ ಹಣ್ಣ ಅದು, ಮತ್ತೇನ?" ಎಂದ ಅಪ್ಪ, ನಮ್ಮವರ ಅಂಗಡಿಯಿಂದ ಡಬ್ಬಿ ಹಲಸು ತಂದರು. ಸಕ್ಕರೆ ಪಾಕದ ಆ ತೊಳೆಯನ್ನು ಅಜ್ಜಿ ಉಗಿದರು.

"ನೋಡ್ರಿ, ಬಯಲುಸೀಮಿ ಮಂದಿಗೆ ಮುಳ್ಳಿದ್ದದ್ದೆಲ್ಲಾ ಹಲಸ!" ಎಂದು ಅಮ್ಮ ಅಪ್ಪನನ್ನು ಕೆಣಕಿದರು.

"ಅಪ್ಪಾ, ಕೆರಿಬಿಯನ್ ಸ್ಟೋರ್ ಟ್ರೈ ಮಾಡೋಣ, ಪ್ಲೀಸ್," ಎಂದಳು ಅಕ್ಕ.

ಅಲ್ಲಿ ಒಣಮೀನಿನ ವಾಸನೆಯ ನಡುವೆ, ಗೆಣಸಿನ ರಾಶಿಯ ಪಕ್ಕ, ಚಿತ್ರದಲ್ಲಿದ್ದಂಥದೇ ಕಾಯಿ, ನಮ್ಮ ಕರಾವಳಿಯವರ ದೀವಿಹಲಸು, ಇತ್ತು. ಒಂದು ಬದಿ ಮೆತ್ತಗಾಗಿತ್ತು. ನಾಳೆ ಇದನ್ನು ಯಾರೂ ಕೊಳ್ಳುವುದಿಲ್ಲ ಎಂದು ಅಂಗಡಿಯಾಕೆಗೆ ಹೇಳಿ ಅರ್ಧ ಬೆಲೆಗೆ ಇಳಿಸಿದೆ. ಅಪ್ಪ ಬೆನ್ನು ತಟ್ಟಿದರು.

ಅಮ್ಮ ಅದನ್ನು ಬೇಯಿಸಿ ಕಲ್ಲಿನಲ್ಲಿ ಕುಟ್ಟಿದರು. ಅಂಟಂಟಾದ ಹಳದಿ ಮುದ್ದೆ, ಬಿಸಿ ಆಲೂಗಡ್ಡೆಯಂಥ ಘಮ. ದ್ವೀಪದಲ್ಲಿ ಅದನ್ನು ಹುಳಿ ಬರಿಸಿ ತಿನ್ನುತ್ತಾರೆಂದು ಅಜ್ಜಿ ಹಿಂದೆ ಹೇಳಿದ್ದನ್ನು ನಾನು ನೆನಪಿಸಿದೆ.

"ಹುಳಿಗೆ ನಮ್ಮನ್ಯಾಗ ಬರ ಬಂದೈತೇನು?" ಎಂದು ಅಮ್ಮ ಮೂರು ದಿನದ ಮಜ್ಜಿಗೆ ಕಲಸಿದರು.

ಅಜ್ಜಿ ಎರಡು ಬೆರಳಿನಲ್ಲಿ ತೆಗೆದು ನಾಲಿಗೆಗಿಟ್ಟರು. ಮುಖ ಕಿವುಚಿ ಅಮ್ಮನನ್ನು ನೋಡಿದರು. ಆಮೇಲೆ ಬಟ್ಟಲು ಬಳಿದು ತಿಂದು, "ಕಾಯ್‌ಕಾಯ್" ಎಂದು ಅದನ್ನೇ ಮತ್ತೆ ಚಾಚಿದರು. ಊಟ ಹಾಕು ಎಂದು ಅರ್ಥ. ಐವತ್ತು ದಾಟಿದ ಅವರ ಮಗ ಒಂಬತ್ತು ವರ್ಷದ ನನ್ನನ್ನು ಕೇಳಿ ಎರಡೂ ಮಾತುಗಳನ್ನು ಫೋನಿನಲ್ಲಿ ಬರೆದುಕೊಂಡ. ಸೋಮವಾರ ಅಜ್ಜಿ ಎಲ್ಲಿಗೂ ಹೋಗಲಿಲ್ಲ.

ನಿಮ್ಮ ಕಾಲ ಬೇರೆ. ಯಾರ ಮಾತನ್ನಾದರೂ ನಿಮ್ಮ ಕಿವಿಯೊಳಗಿನ ಯಂತ್ರ ತಿಳಿಸಿ ಹೇಳುತ್ತದೆ. ಆದರೆ ಯಾರಿಗೆ ಹುಳಿ ಬೇಕು, ಯಾರಿಗೆ ಸಿಹಿ ಬೇಕು ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ, ಹುಷಾರು ತಪ್ಪಿದರೆ ಏನು ತಿನ್ನುತ್ತೀರಿ ಎಂದು ಕೇಳಿಡಿ. ಅವರು ಹೇಳಿದ ಹೆಸರಿನಲ್ಲೇ ಬರೆದುಕೊಳ್ಳಿ. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅದೇ ವಾರ ಹೋಗಿ ನೋಡಿಬನ್ನಿ.