ಮೂವತ್ತನಾಲ್ಕು ಇಂಚು ಏಳು ಸೂತ

ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಗುರುಗ್ರಾಮದ ಪಕ್ಕದ ದ್ವಾರಕಾದಲ್ಲಿ ಗಾಜಿನ ಕೆಲಸ ಹಿಡಿದು ಇಪ್ಪತ್ತಾರು ವರ್ಷವಾಯಿತು. ಅಳತೆ ತಪ್ಪಿ ಒಂದು ಗಾಜೂ ವಾಪಸು ಬಂದಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ನಮ್ಮ ಅಳತೆ ಇಂಚು, ಸೂತದಲ್ಲಿ. ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ಒಂದು ಸೂತ. ಫ್ಯಾಕ್ಟರಿಯವರಿಗೆ ಮಾತ್ರ ಮಿಲಿಮೀಟರೇ ಬೇಕು. ಬಾತ್‌ರೂಮಿನ ಗಾಜನ್ನು ಅವರು ಕಾಯಿಸಿ ಗಟ್ಟಿ ಮಾಡಿದ ಮೇಲೆ ಮತ್ತೆ ಕತ್ತರಿಸಲಾಗದು, ಪುಡಿಪುಡಿಯಾಗುತ್ತದೆ. ಹಾಗಾಗಿ ಕಳಿಸುವ ಅಂಕಿ ತಪ್ಪಿದರೆ ಮುಗಿಯಿತು.

ಮಗಳು ಗುರುಗ್ರಾಮದಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾಳೆ. ಒಂದು ಭಾನುವಾರ ನನ್ನ ಆರ್ಡರುಗಳಿಗೆಂದೇ ಒಂದನ್ನು ಬರೆದಳು.

"ಅಪ್ಪ, ಇದ್ರಲ್ಲಿ ಇಂಚಿನ ಜಾತಿ ಬೇರೆ, ಮಿಲಿಮೀಟರ್ ಜಾತಿ ಬೇರೆ. ಎರಡನ್ನೂ ಬೆರೆಸಿ ಬರೆದ್ರೆ ಪ್ರೋಗ್ರಾಂ ಶುರುನೇ ಆಗಲ್ಲ."

"ಅಂಕಿಗೂ ಜಾತಿನಾ?"

"ಜಾತಿ ಅಂದ್ರೆ ಟೈಪ್. ಕನ್ನಡದಲ್ಲಿ ಏನಂತಾರೋ ನಂಗೇನ್ ಗೊತ್ತು."

ಇಂಚಿನಿಂದ ಮೂರು ಮಿಲಿಮೀಟರ್ ಕಳೆಯುವಂತೆ ಬರೆದು ತೋರಿಸಿದಳು. ತಪ್ಪೆಂದು ಕೆಂಪು ಗೆರೆ ಬಂತು. ನಾನು ಬಾಯಲ್ಲೇ ಮಾಡುವ ಲೆಕ್ಕ ಅದು. ಯಂತ್ರಕ್ಕೆ ಯಾಕೆ ಆಗದು?

"ಆಗಲ್ಲ ಅಂತಲ್ಲ ಅಪ್ಪ, ಮಾಡೋಕೆ ಬಿಡಲ್ಲ."

ಎರಡಕ್ಕೂ ಏನು ವ್ಯತ್ಯಾಸವೋ ತಿಳಿಯಲಿಲ್ಲ. ಆದರೂ ನಿವೃತ್ತ ಅಧಿಕಾರಿಯೊಬ್ಬರ ಬಾತ್‌ರೂಮಿನ ಅಳತೆಯನ್ನು ಡೈರಿಯಲ್ಲಿದ್ದಂತೆ ಹಾಕಿದೆ: 34.7, ಇಂಚು. ಕೆಂಪು ಗೆರೆ ಬರಲಿಲ್ಲ. 881 ಮಿಲಿಮೀಟರ್ ಎಂದು ತೋರಿಸಿತು. ಕಳಿಸುವ ಮೊದಲು ಅಭ್ಯಾಸಬಲದಿಂದ ಟೇಪು ಎಳೆದೆ. ಮೂವತ್ತನಾಲ್ಕು ಇಂಚು ಏಳು ಸೂತದ ಎದುರಿಗೆ, ಇನ್ನೊಂದು ಅಂಚಿನಲ್ಲಿ, 886 ಇತ್ತು. ಐದು ಮಿಲಿಮೀಟರ್ ಕಡಿಮೆ. ಮಗಳನ್ನು ಕೂಗಿದೆ.

"ನಿನ್ನ ಮಷೀನ್ ಸುಳ್ಳು ಹೇಳ್ತಿದೆ."

ಅವಳು ಡೈರಿ ನೋಡಿದಳು. "ಈ ಚುಕ್ಕಿ ಏನು?"

"ಚುಕ್ಕಿ ಆದ್ಮೇಲೆ ಸೂತ. ಎಲ್ಲ ಮಿಸ್ತ್ರಿಗಳೂ ಹಾಗೇ ಬರೆಯೋದು."

"ಅರೇ ಅಪ್ಪ, ಅದು ಹತ್ತರಲ್ಲಿ ಏಳು ಅಂತ ಓದ್ಕೊಂಡಿದೆ. ನಿಂದು ಎಂಟರಲ್ಲಿ ಏಳು."

"ಹಾಗಾದ್ರೆ ಜಾತಿ ಕೇಳಿದ್ದಕ್ಕೆ ಏನು ಬಂತು?"

"ಸೂತದ ಜಾತಿ ನಾನು ಮಾಡೇ ಇರ್ಲಿಲ್ಲ. ಸೂತ ಅಂತ ಒಂದಿದೆ ಅಂತ ನಂಗೆಲ್ಲಿ ಗೊತ್ತಿತ್ತು?"

ಸೂತಕ್ಕೆ ಬೇರೆ ಮನೆ ಮಾಡಿದಳು. ಅಲ್ಲಿ ಏಳು ಹಾಕಿದೆ, 886 ಬಂತು. ಪರೀಕ್ಷೆಗೆಂದು ಒಂಬತ್ತು ಹಾಕಿದೆ. ತೆಗೆದುಕೊಳ್ಳಲಿಲ್ಲ. ಎಂಟಾದರೆ ಇಂಚೇ ಆಯಿತಲ್ಲ. ನನಗೆ ಗೊತ್ತಿರುವುದು ಅದಕ್ಕೂ ಈಗ ಗೊತ್ತೋ, ಅಥವಾ ಬರೀ ಹಟವೋ ಎನ್ನುತ್ತಲೇ ಟೇಪನ್ನು ಇನ್ನೊಮ್ಮೆ ಎಳೆದು ನೋಡಿದೆ. ಆಮೇಲೆ ಆರ್ಡರ್ ಕಳಿಸಿದೆ.

ಗಾಜು ಗೋಡೆಗಳ ನಡುವೆ ಸರಿಯಾಗಿ ಕೂತಿತು. ಅಧಿಕಾರಿಗಳು ಸಂದಿನ ಉದ್ದಕ್ಕೂ ಬೆರಳಾಡಿಸಿ, "ಎಲ್ಲಾ ಕಂಪ್ಯೂಟರ್ ಲೆಕ್ಕ ಏನ್ರೀ ಈಗ?" ಎಂದರು.

ಹೌದು ಸಾರ್ ಅಂದೆ. ಜೇಬಿನಲ್ಲಿದ್ದ ಟೇಪು ಮುಟ್ಟಿಕೊಂಡು, ಇಲ್ಲ ಸಾರ್ ಅಂದೆ.