ಮೇಜಿನ ಮೇಲೆ ಎರಡು ತಟ್ಟು

ಮಣಿಪಾಲದಲ್ಲಿ ಇಂಗ್ಲಿಷ್ ಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೆ ಸೇರಿದಾಗ, ಶಂಕರಪುರದಿಂದ ಬರುತ್ತಿದ್ದ ಹಿರಿಯರೊಬ್ಬರ ಎದುರು ನನ್ನನ್ನು ಕೂರಿಸಿದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅವರು ಕರಡನ್ನು ಗಟ್ಟಿಯಾಗಿ ಓದಬೇಕು, ನಾನು ಲೇಖಕರ ಮೂಲಪ್ರತಿ ಹಿಡಿದು ತಾಳೆ ನೋಡಬೇಕು. ಗೆರೆ ಬಂದಲ್ಲೆಲ್ಲ ಅವರು ಬೆರಳಿನ ಗೆಣ್ಣಿನಿಂದ ಮೇಜು ತಟ್ಟುತ್ತಿದ್ದರು. ಎರಡು ಪದಗಳನ್ನು ಬೆಸೆಯುವ ಹೈಫನ್‌ಗೆ ಒಂದು ತಟ್ಟು. ಇಷ್ಟನೆಯ ಪುಟದಿಂದ ಇಷ್ಟನೆಯ ಪುಟದವರೆಗೆ ಎಂದು ಸೂಚಿಸುವ ಎನ್ ಡ್ಯಾಶ್‌ಗೆ ಎರಡು. ವಾಕ್ಯವನ್ನು ನಡುವೆ ತಡೆದು ನಿಲ್ಲಿಸುವ ಉದ್ದದ ಎಮ್ ಡ್ಯಾಶ್‌ಗೆ ಮೂರು.

"ನನಗೆ ಮೂರೂ ಒಂದೇ ಹಾಗೆ ಕಾಣ್ತದೆ ಅಕ್ಕ" ಎಂದಿದ್ದೆ.

"ಕಣ್ಣು ಎಂತಕ್ಕೆ ಇರುವುದು ಮಾರಾಯ್ತಿ, ಕಾಡಿಗೆ ಹಚ್ಚಲಿಕ್ಕಾ?"

ಅವರ ಕಣ್ಣು ಮಂಜಾಗುತ್ತಿದೆ ಎಂದು ನನಗೆ ಮೊದಲೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಈಗ ಅನಿಸುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದು ಪುಸ್ತಕದ ಕರಡಿನಲ್ಲಿ ಪುಟಸಂಖ್ಯೆಗಳ ನಡುವೆ ಎನ್ ಡ್ಯಾಶ್ ಬದಲು ಎಲ್ಲ ಕಡೆ ಹೈಫನ್ ಬಿದ್ದಿತ್ತು. ಅಕ್ಕ ಎಲ್ಲ ಕಡೆ ಎರಡು ಸಲ ತಟ್ಟಿದ್ದರು. ನಿಯಮ ಅವರಿಗೆ ಅಷ್ಟು ಬಾಯಿಪಾಠ; ಕರಡಿನಲ್ಲಿ ಇದ್ದದ್ದನ್ನಲ್ಲ, ಇರಬೇಕಾದದ್ದನ್ನು ತಟ್ಟುತ್ತಿದ್ದರು. ನನ್ನ ಕೈಯಲ್ಲಿದ್ದ ಮೂಲಪ್ರತಿ ಸರಿಯಾಗಿಯೇ ಇತ್ತು, ಅವರ ತಟ್ಟಿಗೆ ತಾಳೆಯೂ ಆಯಿತು. ಪುಸ್ತಕ ತಪ್ಪುಗಳ ಸಮೇತ ಅಚ್ಚಾಯಿತು.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ಓದಿದ್ದು ಯಾರು ಎಂದು ಕೇಳಿದರು. ಅಕ್ಕ ಎಂದೆ. ಅವರಿಗೆ ಈಚೆಗೆ ಸರಿಯಾಗಿ ಕಾಣುವುದಿಲ್ಲ ಎಂದೂ ಸೇರಿಸಿದೆನೇ? ಸೇರಿಸಿದೆ ಎಂದೇ ನೆನಪು. ಡೈರಿಯ ಆ ದಿನದ ಪುಟದಲ್ಲಿ ಉದ್ಯಾವರದಲ್ಲಿ ಬಸ್ಸು ಕೆಟ್ಟು ನಿಂತದ್ದು ಮಾತ್ರ ಇದೆ. ಮುಂದಿನ ತಿಂಗಳು ಅಕ್ಕನ ಕುರ್ಚಿ ಖಾಲಿಯಾಗಿತ್ತು.

ಇವತ್ತು ಮಧ್ಯಾಹ್ನ ಕಾಪುವಿನ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕಿದರು. ನಾನು ಮಾತಾಡಿದ ಮೇಲೆಯೇ ಗುರುತು ಹಿಡಿದರು.

"ಈಗ ಮಲ್ಲಿಗೆ ಕಟ್ಟುವುದು. ಅದಕ್ಕೆ ಬೆರಳು ಸಾಕು" ಎಂದರು. ಆಮೇಲೆ, "ನನ್ನ ಕಣ್ಣಿನ ವಿಷಯ ಯಾರೋ ಮೇಲೆ ಹೇಳಿದ್ದಾರೆ. ನೀನಲ್ಲ ಅಂತ ನನಗೆ ಗೊತ್ತುಂಟು. ನೀನು ಅಂಥವಳಲ್ಲ."

ಬಸ್ಸೊಂದು ಬಂತು.

"ಎಲ್ಲಿಯದ್ದು, ನೋಡು."

ಬೋರ್ಡು ಓದಿ ಹೇಳಿದೆ. ಅವರದೇ ಬಸ್ಸು. ಕೈ ಹಿಡಿದು ಹತ್ತಿಸಿದೆ. ಕೂತ ಮೇಲೆ ಅವರು ಕಿಟಕಿಯಿಂದ ನಾನು ನಿಂತಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ ಕೈಬೀಸಿದರು.

ಈ ಸಲ ಡೈರಿಯಲ್ಲಿ ಬಸ್ಸಿನ ವಿಷಯ ಬಿಟ್ಟೆ. ಹೇಳಿದವಳು ನಾನೇ ಎಂದು ಬರೆದೆ. ಅಕ್ಕ ಇದನ್ನು ಓದಲಾರರು.