ಹಜಾರದ ಗೋಡೆಯ ಮುಳ್ಳು

ಮದುವೆಯಾಗಿ ಒಂಟಿಕೊಪ್ಪಲಿನ ಮನೆಗೆ ಬಂದ ದಿನ ಮಾವ ನನಗೆ ಹೇಳಿದ ಮೊದಲ ಮಾತು, "ಅದನ್ನ ಮುಟ್ಟಬೇಡ" ಎಂದು. ಕಾಲಿಗೆ ನಮಸ್ಕಾರ ಮಾಡಿ ಎದ್ದವಳ ಕಣ್ಣು ಹಜಾರದ ಗೋಡೆಯ ಮೇಲಿದ್ದ ಒಂದು ಪೆಟ್ಟಿಗೆಯ ಕಡೆ ಹೋಗಿತ್ತು, ಅಷ್ಟೆ. ಗಡಿಯಾರದಷ್ಟು ದೊಡ್ಡದು, ಹಿತ್ತಾಳೆಯ ಅಂಚು, ಗಾಜಿನೊಳಗೆ ಒಂದೇ ಮುಳ್ಳು. ನಿಂತುಹೋದ ಗಡಿಯಾರವಿರಬೇಕು ಎಂದುಕೊಂಡಿದ್ದೆ.

ಮಾವ ಸರ್ಕಾರಿ ಇಂಜಿನಿಯರ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಸ್ವಾತಂತ್ರ್ಯ ಬಂದು ಹತ್ತು ವರ್ಷ ದಾಟಿದ ಕಾಲ. ಊರಿನಲ್ಲಿ ಬಹಳ ಮನೆಗಳಿಗೆ ಫ್ಯಾನೇ ಇರಲಿಲ್ಲ. ಮಾವನಿಗೆ ಫ್ಯಾನು ಎಂದರೆ ತಾತ್ಸಾರ. ಬಾವಿಯ ನೀರು ಬೇಸಿಗೆಯಲ್ಲಿ ತಣ್ಣಗಿರುತ್ತದೆ, ಚಳಿಗಾಲದ ಬೆಳಗ್ಗೆ ಬೆಚ್ಚಗಿರುತ್ತದೆ ಎನ್ನುವುದು ಹಿತ್ತಲಲ್ಲಿ ನೀರು ಸೇದಿದ ಎಲ್ಲರಿಗೂ ಗೊತ್ತು. ಮಾವ ಅದನ್ನೇ ಮನೆಯೊಳಗೆ ತಂದಿದ್ದರು. ಬಾವಿಗೆ ಮೋಟಾರು ಇಟ್ಟು, ಹಜಾರದ ಒಳಗೋಡೆಯಲ್ಲಿ ಹಾವಿನಂತೆ ಪೈಪು ಹಾಯಿಸಿ, ಮೇಲೆ ಗಾರೆ ಮೆತ್ತಿಸಿದ್ದರು. ನೀರು ಗೋಡೆಯೆಲ್ಲ ಸುತ್ತಿ ಮತ್ತೆ ಬಾವಿಗೇ ಬೀಳುತ್ತಿತ್ತು. ಆ ಪೆಟ್ಟಿಗೆ ಇದಕ್ಕೆಲ್ಲ ಯಜಮಾನ. ಯಾವುದೋ ಹರಾಜಿನಲ್ಲಿ ಸಿಕ್ಕ ಕೋಳಿಮರಿ ಮಾಡುವ ಯಂತ್ರದಿಂದ ಅದನ್ನು ಬಿಚ್ಚಿ ತಂದಿದ್ದರು. ಅದರ ಹೆಸರು ಥರ್ಮೋಸ್ಟಾಟ್ ಎಂದು ನನ್ನ ಗಂಡ ಹೇಳಿಕೊಟ್ಟರು. ಮುಳ್ಳನ್ನು ಎಂಬತ್ತಕ್ಕೆ ಇಟ್ಟರೆ, ಹಜಾರದ ಸೆಖೆ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಕೂಡಲೇ ಒಳಗೆ ಟಕ್ ಎನ್ನುತ್ತಿತ್ತು, ಹಿತ್ತಲಲ್ಲಿ ಮೋಟಾರು ಗುಂಯ್‌ಗುಡುತ್ತಿತ್ತು. ಸೆಖೆ ಇಳಿದರೆ ತಾನೇ ನಿಲ್ಲುತ್ತಿತ್ತು.

ಬೆಳಗ್ಗೆ ಸ್ನಾನವಾದ ಮೇಲೆ ಮಾವ ಪೆಟ್ಟಿಗೆಯ ಮುಂದೆ ನಿಂತು ಮುಳ್ಳು ತಿರುಗಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ. ಅತ್ತೆ ಕಾಫಿ ಲೋಟ ಹಿಡಿದುಕೊಂಡು ಎರಡು ಮಾರು ದೂರದಲ್ಲಿ ಕಾಯುತ್ತಿದ್ದರು. ಧೂಳು ಹೊಡೆಯುವುದಕ್ಕೂ ಪೆಟ್ಟಿಗೆಯ ಹತ್ತಿರ ನಾವು ಹೋಗುವಂತಿರಲಿಲ್ಲ.

ಇದರಿಂದ ನನಗೇನೂ ಆಗಬೇಕಿರಲಿಲ್ಲ, ನಮ್ಮ ಕೋಣೆ ಆ ಗೋಡೆಯ ಆಚೆ ಬದಿಗೆ ಇಲ್ಲದಿದ್ದರೆ.

ನನ್ನ ತವರು ಕೆಸರೆ. ಅಪ್ಪ, ಅಣ್ಣಂದಿರು ಹೊಲ ಮಾಡಿಕೊಂಡಿದ್ದರು. ಅಮ್ಮ ಇರಲಿಲ್ಲ. ಹೆಣ್ಣು ದಿಕ್ಕಿಲ್ಲದ ಮನೆಗೆ ಬಾಣಂತನಕ್ಕೆ ಹೋಗುವುದು ಹೇಗೆ? ಶಿವರಾತ್ರಿ ಕಳೆದ ಮೇಲೆ ಮಗಳು ಹುಟ್ಟಿದಾಗ ಒಂಟಿಕೊಪ್ಪಲಿನಲ್ಲೇ ಉಳಿದೆ. ಅತ್ತೆ ಎಣ್ಣೆ ಹಚ್ಚಿ ನೀರು ಹಾಕಿ, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿ ಕೋಣೆಯಲ್ಲಿ ಮಲಗಿಸುತ್ತಿದ್ದರು. ಅಲ್ಲಿ ಮಂಚದ ಪಕ್ಕದಲ್ಲೇ ತಣ್ಣನೆ ಗೋಡೆ.

ಹಜಾರ ಪಡುವಣಕ್ಕಿತ್ತು. ಮಧ್ಯಾಹ್ನದ ಬಿಸಿಲು ನೇರ ಒಳಗೆ ಬಂದು ಬೀಳುತ್ತಿತ್ತು. ನಮ್ಮ ಕೋಣೆಗೆ ಹಲಸಿನ ಮರದ ನೆರಳು. ಹಜಾರ ಕಾದಷ್ಟೂ ಪೆಟ್ಟಿಗೆ ಟಕ್ ಎಂದು ನೀರು ಬಿಡುತ್ತಿತ್ತು, ನೆರಳಿನಲ್ಲಿದ್ದ ನಮ್ಮ ಕೋಣೆ ತಣ್ಣಗಾಗುತ್ತಲೇ ಹೋಗುತ್ತಿತ್ತು. ಸಾಲದ್ದಕ್ಕೆ ಗಾರೆಯೊಳಗಿನ ಪೈಪಿನ ಜೋಡಣೆಗಳು ಜಿನುಗುತ್ತಿದ್ದವು. ನಮ್ಮ ಬದಿಯ ಸುಣ್ಣ ಉಬ್ಬಿ ಉದುರುತ್ತಿತ್ತು. ಮಗುವಿಗೆ ಮೂಗು ಕಟ್ಟಿತು, ಆಮೇಲೆ ಎದೆಯಲ್ಲಿ ಗೊರಗೊರ ಶಬ್ದ. ಹಾಲು ಕುಡಿಯುವಾಗ ಉಸಿರು ಸಾಲದೆ ಬಿಟ್ಟು ಬಿಟ್ಟು ಅಳುತ್ತಿತ್ತು.

ಅತ್ತೆಗೆ ಹೇಳಿದೆ. "ಸುಮ್ನಿರು ಕಣಮ್ಮ, ಅವರ ಹತ್ರ ಆ ಮಾತು ಎತ್ತಬೇಡ" ಎಂದರು. ಗಂಡನಿಗೆ ಹೇಳಿದೆ. ಅವರು ಒಂದು ದಿನ ಊಟದ ಹೊತ್ತಿನಲ್ಲಿ ಧೈರ್ಯ ಮಾಡಿ, "ಅಪ್ಪಾ, ಮುಳ್ಳು ಒಂದು ಸ್ವಲ್ಪ ಮೇಲಕ್ಕಿಟ್ರೆ..." ಎಂದು ಬಾಯಿ ತೆರೆದರು. ಮಾವ ಅನ್ನ ಕಲಸುವ ಕೈ ನಿಲ್ಲಿಸಿ ಅವರನ್ನು ನೋಡಿದರು. ಗಂಡ ಸಾರು ಕೇಳಿ ಬಡಿಸಿಕೊಂಡರು. ಅಲ್ಲಿಗೆ ಮುಗಿಯಿತು.

ಕೊನೆಗೆ ನಾನೇ ತಲೆಗೆ ಬಟ್ಟೆ ಕಟ್ಟಿಕೊಂಡೇ ಹಜಾರಕ್ಕೆ ಹೋದೆ.

"ಮಾವ, ಈ ಪೆಟ್ಟಿಗೆಗೆ ಹಜಾರದ ಸೆಖೆ ಒಂದೇ ಗೊತ್ತಾಗೋದು. ನಮ್ಮ ಕೋಣೆ ಎಷ್ಟು ತಣ್ಣಗಾದ್ರೂ ಅದಕ್ಕೆ ತಿಳಿಯಲ್ಲ. ಇದನ್ನ ತೆಗೆದು ಕೋಣೆ ಒಳಗೆ ಹಾಕಿಸಿ. ಇಲ್ಲದಿದ್ರೆ ಮುಳ್ಳು ಮೇಲಕ್ಕೆ ಇಡಿ. ಮಗೂಗೆ ಆಗ್ತಿಲ್ಲ."

ಮಾವ ಪೇಪರು ಕೆಳಗಿಳಿಸಲಿಲ್ಲ. ಅದರ ಹಿಂದಿನಿಂದಲೇ, "ಕೆಸರೇಲಿ ನಿಮ್ಮಪ್ಪ ಏತ ಹೊಡೀತಾರಲ್ಲ, ಅಲ್ಲಿ ಹೋಗಿ ಬುದ್ಧಿ ಹೇಳು" ಎಂದರು. ಆಮೇಲೆ ಎದ್ದುಹೋಗಿ, ನಾನು ನೋಡುತ್ತಿರುವಂತೆಯೇ, ಮುಳ್ಳನ್ನು ಇನ್ನೂ ಕೆಳಕ್ಕೆ ತಿರುಗಿಸಿದರು. ಟಕ್ ಎಂದಿತು. ಮೋಟಾರು ಶುರುವಾಯಿತು.

ನನ್ನ ಮೈಯೆಲ್ಲ ಉರಿಯಿತು. ಅಪ್ಪನ ಹೆಸರೆತ್ತಿದ್ದಕ್ಕೋ, ಮಗುವಿನ ಕಡೆ ತಿರುಗಿಯೂ ನೋಡದ್ದಕ್ಕೋ ಈಗಲೂ ಹೇಳಲಾರೆ. ಕೋಣೆಗೆ ಹೋಗಿ ಮಂಚವನ್ನು ಎಳೆದು ಎದುರು ಗೋಡೆಗೆ ಹಾಕಿಕೊಂಡೆ. ಬಾಣಂತಿ ಮಂಚ ಎಳೆದ ಸದ್ದು ಹಜಾರಕ್ಕೆ ಕೇಳಲಿ ಎಂದೇ ಎಳೆದೆ.

ಅದಾದ ಕೆಲವು ದಿನಕ್ಕೆ ಮಾವನ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಒಬ್ಬ ಇಂಜಿನಿಯರ್ ಬೆಂಗಳೂರಿನಿಂದ ಬಂದರು. ಈ ವ್ಯವಸ್ಥೆಯ ಸುದ್ದಿ ಕೇಳಿ ನೋಡಲೆಂದೇ ಬಂದವರು. ಮಾವ ಅಂದು ಕೋಟು ಹಾಕಿಕೊಂಡಿದ್ದರು. ಮುಳ್ಳನ್ನು ಮೇಲೆ ಕೆಳಗೆ ತಿರುಗಿಸಿ ಮೋಟಾರು ಹೊರಡುವುದು, ನಿಲ್ಲುವುದು ಎಲ್ಲ ತೋರಿಸಿದರು. ಬಂದವರು ತಲೆದೂಗುತ್ತಿದ್ದರು. ಅತ್ತೆ ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದುದರಿಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾಫಿ ತಂದಿಟ್ಟವಳು ನಾನು.

"ನಿಮಗೇನಮ್ಮ, ಬೇಸಿಗೆ ಅನ್ನೋದೇ ಇಲ್ಲ" ಎಂದರು ಅವರು ನಗುತ್ತಾ.

ಅವರು ಉಪಚಾರಕ್ಕೆ ಹೇಳಿದ್ದು. ನಾನೂ ಉಪಚಾರಕ್ಕೆ ನಕ್ಕು ಒಳಗೆ ಹೋಗಬಹುದಿತ್ತು. "ನಮ್ಮ ಕೋಣೆ ಗೋಡೇನ ಒಂದ್ಸಲ ಮುಟ್ಟಿ ನೋಡಿ" ಎಂದೆ.

ಮಾವ, "ಹೆಂಗಸರ ಮಾತು, ಬುಡಿ" ಎಂದರು. ಆದರೆ ಬಂದವರಿಗೆ ಕೆಲಸದ ಕುತೂಹಲ. ಎದ್ದು ಕೋಣೆಯ ಬಾಗಿಲಲ್ಲಿ ನಿಂತು ಕೈ ಚಾಚಿ ಗೋಡೆ ಮುಟ್ಟಿದರು. ಬೆರಳಿಗೆ ಒದ್ದೆ ಸುಣ್ಣ ಅಂಟಿತು. ಕರ್ಚೀಫಿನಲ್ಲಿ ಒರೆಸಿಕೊಂಡು, ಮಗುವಿನ ಎದೆಯ ಸದ್ದು ಕೇಳಿ, ಮಾವನ ಕಡೆ ತಿರುಗಿದರು. ಆಮೇಲೆ ಬಹಳ ಮೆತ್ತಗೆ, "ಸಾರ್, ಜಾಯಿಂಟು ಲೀಕ್ ಆಗ್ತಿವೆ ಅನ್ಸುತ್ತೆ. ಮಗು ಈ ಕೋಣೇಲಿರೋವರೆಗಾದ್ರೂ ಈ ಕಡೆ ನೀರು ನಿಲ್ಲಿಸಿಬಿಡೋದು ಒಳ್ಳೇದು" ಎಂದರು.

"ನಿಮ್ಮ ಬಸ್ಸಿಗೆ ಹೊತ್ತಾಯ್ತು ಕಣ್ರೀ" ಎಂದರು ಮಾವ. ಬೋಂಡ ಇನ್ನೂ ಬಾಣಲೆಯಲ್ಲಿತ್ತು.

ಅವರು ಗೇಟು ದಾಟಿದ ಮೇಲೆ ಮಾವ ಹಜಾರದ ನಡುವೆ ನಿಂತು, ನಾನು ಎದುರಿಗೇ ಇದ್ದರೂ ನನ್ನ ಗಂಡನ ಕಡೆ ತಿರುಗಿ, "ನಿನ್ನ ಹೆಂಡ್ತಿಗೆ ಹೇಳ್ಬುಡು. ಇವತ್ತಿಂದ ಮೋಟಾರು ಬಂದ್. ಬೆಂದು ಸಾಯಲಿ ಎಲ್ಲರೂ. ತಾನಾಗಿ ಬಂದು ಕೈ ಮುಗಿದು ಕೇಳೋವರೆಗೂ ಹಾಕಲ್ಲ" ಎಂದರು. ಸ್ವಿಚ್ಚು ಆರಿಸಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು.

ಗಂಡ ಕೋಣೆಗೆ ಬಂದು, "ನಿನಗೆ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ" ಎಂದರು. "ನೀವು ಬಾಯಿ ತೆಗೆದಿದ್ರೆ ನಾನು ಮುಚ್ಕೋತಿದ್ದೆ" ಎಂದೆ. ಅವರು ಅಂದು ಜಗಲಿಯಲ್ಲಿ ಮಲಗಿದರು.

ಶಿಕ್ಷೆ ಎಂದು ಮಾವ ಕೊಟ್ಟದ್ದು ನನಗೆ ಬೇಕಾದದ್ದೇ ಆಗಿತ್ತು. ನೀರು ನಿಂತಿತು, ಗೋಡೆ ಒಣಗುತ್ತಾ ಬಂತು. ಕಿಟಕಿ ತೆಗೆದು ಬಿಸಿಗಾಳಿ ಬರಮಾಡಿಕೊಂಡೆ. ಅತ್ತೆ ಅಜವಾನದ ಶಾಖ ಕೊಟ್ಟರು. ಮಗುವಿನ ಎದೆ ನಿಧಾನಕ್ಕೆ ಸಡಿಲವಾಯಿತು, ಹೊಟ್ಟೆ ತುಂಬ ಕುಡಿದು ನಿದ್ದೆ ಮಾಡತೊಡಗಿತು. ಹಜಾರದಲ್ಲಿ ಮಾವ ಬನಿಯನ್ ಕಳಚಿ, ಬೀಸಣಿಗೆ ಹಿಡಿದು, ಪಡುವಣ ಬಿಸಿಲಿಗೆ ಎದುರಾಗಿ ಕುಳಿತಿರುತ್ತಿದ್ದರು. ನಾನು ಬಂದು ಬೇಡುವುದನ್ನು ಕಾಯುತ್ತಿದ್ದರು. ನಾನು ಅವರ ಮುಂದೆ ನೀರಿನ ಚೊಂಬು ಇಟ್ಟು ಹೋಗುತ್ತಿದ್ದೆ. ಅವರ ಬೆನ್ನ ಮೇಲೆ ಬೆವರುಸಾಲೆ ಎದ್ದಿತ್ತು. ಅದನ್ನು ನೋಡಿ ನನಗೆ ಮರುಕವಾಗಲಿಲ್ಲ.

ಈ ಹಟವನ್ನು ಮುರಿದವರು ಅತ್ತೆ. ಅವರದು ಭಾರದ ಶರೀರ, ಸೆಖೆ ತಡೆಯುವುದಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಬಂದವರೇ, ಗೂಟಕ್ಕೆ ನೇತುಹಾಕಿದ್ದ ಮಾವನ ಕೋಟಿನ ಜೇಬಿಗೆ ಕೈ ಹಾಕಿ ಫ್ಯೂಸು ತೆಗೆದು, ಹೋಗಿ ಸಿಕ್ಕಿಸಿ, ಸ್ವಿಚ್ಚು ಹಾಕಿ, ಪೆಟ್ಟಿಗೆಯ ಮುಂದೆ ನಿಂತರು. ಸೆರಗಿನಲ್ಲಿ ಕೈ ಒರೆಸಿಕೊಂಡು ಮುಳ್ಳು ತಿರುಗಿಸಿದರು. ಮದುವೆಯಾದಾಗಿನಿಂದ ಆ ಮನೆಯ ಒಂದು ಗಡಿಯಾರಕ್ಕೂ ಕೀ ಕೊಡದ ಹೆಂಗಸು.

"ಏನೇ ಅದು?" ಎಂದರು ಮಾವ ಕುರ್ಚಿಯಿಂದ.

"ನಂಗೆ ಸೆಖೆ" ಎಂದರು ಅತ್ತೆ. ಟಕ್ ಎಂದಿತು.

ಆಮೇಲೆ ನನ್ನ ಕೋಣೆಗೆ ಬಂದು, "ಏಳು. ಮಗೂನ ಎತ್ಕೊ. ಬಚ್ಚಲ ಪಕ್ಕದ ಕೋಣೆ ಖಾಲಿ ಮಾಡ್ಸಿದೀನಿ, ಹಂಡೆ ಒಲೆ ಗೋಡೆ, ಬೆಚ್ಚಗಿರುತ್ತೆ. ಈ ಥಂಡಿ ಕೋಣೆ ನಂಗಿರಲಿ" ಎಂದರು. ಅದು ಸೌದೆ, ತೆಂಗಿನ ಮಟ್ಟೆ ತುಂಬುವ ಕೋಣೆ. ಹೊಗೆ ಹಿಡಿದು ಕಪ್ಪಾಗಿತ್ತು. ಮಗ ಸೊಸೆ ಸೌದೆ ಕೋಣೆಯಲ್ಲಿ ಮಲಗಿದರೆ ಜನ ಏನೆಂದಾರು ಎಂದು ಗಂಡ ಗೊಣಗಿದರು. ನಾನು ಆಗಲೇ ಹಾಸಿಗೆ ಸುತ್ತಿದ್ದೆ.

ಅಂದಿನಿಂದ ಮಾವ ಬೆಳಗ್ಗೆ ಮುಳ್ಳು ಒಂದು ಕಡೆ ಇಟ್ಟರೆ, ಮಧ್ಯಾಹ್ನ ಅತ್ತೆ ತಮಗೆ ಬೇಕಾದ ಕಡೆ ತಿರುಗಿಸುತ್ತಿದ್ದರು. ಅವರಿಬ್ಬರ ಜಗಳಕ್ಕೆ ಮಾತಿರಲಿಲ್ಲ, ಟಕ್ ಟಕ್ ಎನ್ನುವ ಸದ್ದಿತ್ತು. ನನ್ನ ಜೊತೆ ಮಾವ ನೇರವಾಗಿ ಮಾತಾಡುವುದನ್ನು ಬಿಟ್ಟರು. ನಾನೂ ಮಾತಾಡಿಸಲು ಹೋಗಲಿಲ್ಲ. ಮಗಳು ನಡೆಯುವಂತಾಗಿ, ಮಾತು ಕಲಿತು, ತಾತನ ಕೋಲು ಹಿಡಿದು ಹಜಾರದಲ್ಲಿ ಕುದುರೆಯಾಡುವ ಹೊತ್ತಿಗೂ ನಾವಿಬ್ಬರೂ ಹಾಗೇ ಇದ್ದೆವು. ಮಗುವನ್ನು ಅವರು ಚೆನ್ನಾಗಿಯೇ ಆಡಿಸುತ್ತಿದ್ದರು. ನಾನು ಬಂದರೆ ಕೆಳಗಿಳಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ನಾವು ಪಕ್ಕದ ಗೋಕುಲಂನಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡು ಬೇರೆ ಹೋದೆವು. ಹೆಂಚಿನ ಮನೆ. ಬೇಸಿಗೆಯಲ್ಲಿ ಸೆಖೆ, ಚಳಿಯಲ್ಲಿ ಚಳಿ. ಗೃಹಪ್ರವೇಶಕ್ಕೆ ಅತ್ತೆ ಮಾತ್ರ ಬಂದಿದ್ದರು. ಮಾವ ಒಂದು ದಿನ ಹೇಳದೆ ಕೇಳದೆ ನಡೆದುಕೊಂಡೇ ಬಂದರು. ಕೋಣೆ ಕೋಣೆಗೂ ಹೋಗಿ ಗೋಡೆಗಳನ್ನು ಕೋಲಿನಿಂದ ತಟ್ಟಿ ನೋಡಿ, ಜಗಲಿಯಲ್ಲಿ ಕುಳಿತರು. ನಾನು ಮಜ್ಜಿಗೆ ತಂದುಕೊಟ್ಟೆ. ಅರ್ಧ ಕುಡಿದರು.

"ಉಪ್ಪು ಸಾಲದು" ಎಂದು ನನ್ನ ಗಂಡನಿಗೆ ಹೇಳಿದರು. ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿನಲ್ಲೇ ಹೊರಟುಹೋದರು. ನಾನು ಉಳಿದ ಮಜ್ಜಿಗೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು ಲೋಟ ತೊಳೆದಿಟ್ಟೆ.